ಪರದೆ ಪಂಚಾಯ್ತಿ: ಹಾಲ್‌ನ ಟಿವಿ, ಕೈಯಲ್ಲಿನ ಮೊಬೈಲ್, ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹೊಸ ಟಿವಿ ತಂದವರದ್ದು, ಇಲ್ಲಾ ತರೋಣ ಅಂತ ಲೆಕ್ಕ ಹಾಕ್ತಾ ಕೂತವರದ್ದು. ಹಬ್ಬದ ಆಫರ್‌ಗಳ ಮಹಿಮೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ದುಡ್ಡು ಬಿಚ್ಚುವ ಮೊದಲು ರಿಮೋಟ್ ಹಿಡಿದು ಸೆಟ್ಟಿಂಗ್ಸ್ ಒಳಗೆ ಒಂದು ಸುತ್ತು ಹೋಗಿ ಬನ್ನಿ ಅಂತ ಬಹಳ ಜನಕ್ಕೆ ಹೇಳಬೇಕಾಗಿದೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: 55 ಇಂಚಿನ 4ಕೆ ಟಿವಿ ತಂದೆವು. ಹಳೇ ಕನ್ನಡ ಸಿನಿಮಾ ಹಾಕಿದರೆ ಸೀರಿಯಲ್ ನೋಡಿದ ಹಾಗಿದೆ. ಹೀರೋ ನಡೆಯೋದೇ ಇಲ್ಲ, ಜಾರಿಕೊಂಡು ಹೋಗುತ್ತಾನೆ. ಅಂಗಡಿಯವರು "ಅದೇ ಸಾರ್ ಕ್ಲಾರಿಟಿ" ಅಂತಾರೆ. ಪೀಸೇ ಡಿಫೆಕ್ಟಾ?
— ಓದುಗರು, ಶಿವಮೊಗ್ಗ

ಪೀಸ್ ಸರಿಯಾಗಿದೆ. ನಿಮ್ಮ ಕಣ್ಣೂ ಸರಿಯಾಗಿದೆ. ಟಿವಿ ಅತಿ ಬುದ್ಧಿವಂತಿಕೆ ತೋರಿಸುತ್ತಿದೆ, ಅಷ್ಟೇ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ. ಟಿವಿ ಪರದೆ ಸೆಕೆಂಡಿಗೆ 60 ಸಲ, ಕೆಲವು 120 ಸಲ ಚಿತ್ರ ಬದಲಿಸುತ್ತದೆ. ಹಾಗಾಗಿ ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವೆ ಏನಿದ್ದಿರಬಹುದು ಅಂತ ಟಿವಿಯ ಚಿಪ್ ಊಹೆ ಮಾಡಿ, ಕ್ಯಾಮೆರಾ ಹಿಡಿಯದೇ ಇದ್ದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ಮಧ್ಯೆ ತುರುಕುತ್ತದೆ. ಕ್ರಿಕೆಟ್‌ನಲ್ಲಿ ಚೆಂಡು ಓಡುವಾಗ ಇದು ಚೆನ್ನಾಗೇ ಕಾಣುತ್ತೆ. ಸಿನಿಮಾದಲ್ಲಿ ಎಲ್ಲಾ ಕೆಡುತ್ತೆ.

ಸೀರಿಯಲ್ ಥರ ಅನ್ನಿಸಿದ್ದಕ್ಕೂ ಕಾರಣ ಇದೆ. ನಮ್ಮಲ್ಲಿ ಟಿವಿ ವಿಡಿಯೋ ವರ್ಷಾನುಗಟ್ಟಲೆ ಸೆಕೆಂಡಿಗೆ 50 ಫೀಲ್ಡ್ (ಅರ್ಧ ಫ್ರೇಮ್) ಲೆಕ್ಕದಲ್ಲಿ ಬಂದಿದ್ದು. ಆ ನುಣುಪು ಚಲನೆ ನೋಡಿದ ಕೂಡಲೇ ಸ್ಟುಡಿಯೋ, ಸೀರಿಯಲ್, ನ್ಯೂಸ್ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಈ ಜಾರಾಟದ ಮೇಲೆ ಸಿಟ್ಟಾಗಿ ನಟ ಟಾಮ್ ಕ್ರೂಸ್ 2018ರಲ್ಲಿ ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ನಿಂತು, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ಒಂದು ವಿಡಿಯೋನೇ ಮಾಡಿ ಹಾಕಿದ್ದರು.

ಆಫ್ ಮಾಡುವುದು ಸುಲಭ, ಹುಡುಕುವುದು ಕಷ್ಟ. ಒಂದೊಂದು ಕಂಪನಿಯೂ ಒಂದೊಂದು ಹೆಸರಿಟ್ಟಿದೆ. ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಹಳೆಯದರಲ್ಲಿ ಆಟೋ ಮೋಷನ್ ಪ್ಲಸ್. ಎಲ್‌ಜಿಯಲ್ಲಿ ಟ್ರೂಮೋಷನ್. ಸೋನಿಯಲ್ಲಿ ಮೋಷನ್‌ಫ್ಲೋ. ಬೇರೆ ಬಹಳಷ್ಟು ಟಿವಿಗಳಲ್ಲಿ ಎಂಇಎಂಸಿ ಅಂತಿರುತ್ತೆ. 2020ರಿಂದೀಚೆಗೆ ಕೆಲವು ಕಂಪನಿಗಳು ಫಿಲ್ಮ್‌ಮೇಕರ್ ಮೋಡ್ ಅಂತ ಕೊಡುತ್ತಿವೆ, ಅದನ್ನು ಒತ್ತಿದರೆ ಈ ಕಿತಾಪತಿಗಳೆಲ್ಲ ಒಟ್ಟಿಗೆ ಬಂದ್ ಆಗುತ್ತವೆ. ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್‌ಗೆ ಹಾಕಿ. ಮೊದಲೆರಡು ದಿನ ಚಿತ್ರ ಹಳದಿ ಹಳದಿ ಅನ್ನಿಸುತ್ತೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎದ್ದು ಕಾಣಲಿ ಅಂತ ಇಟ್ಟಿರುವ ವಿವಿಡ್ ಮೋಡ್‌ನ ನೀಲಿ ಬಿಳುಪಿಗೆ ಕಣ್ಣು ಒಗ್ಗಿಹೋಗಿದೆ ನೋಡಿ, ಅದಕ್ಕೆ. ಆಮೇಲೆ ವಿವಿಡ್‌ಗೆ ವಾಪಸ್ ಹೋದರೆ ನಿಮಗೇ ಕಣ್ಣು ಉರಿಯುತ್ತೆ.

ಪ್ರಶ್ನೆ: ಮಾತು ಕೇಳಲ್ಲ ಅಂತ ವಾಲ್ಯೂಮ್ ಏರಿಸಿದರೆ ಫೈಟು, ಹಾಡು ಬಂದಾಗ ಮನೆ ನಡುಗುತ್ತೆ. ರಾತ್ರಿ ಪೂರ್ತಿ ರಿಮೋಟ್ ಕೈಯಲ್ಲೇ. ನಮ್ಮ ಮಾವನವರಿಗೆ ಕಿವಿ ಮಂದ, ಪಕ್ಕದ ರೂಮಲ್ಲಿ ಮಗುವಿಗೆ ನಿದ್ದೆ. ಏನು ಮಾಡಲಿ?
— ಗೃಹಿಣಿ, ತುಮಕೂರು

ಈ ತಿಂಗಳು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ. ಟಿವಿಗಳು ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಇಲ್ಲದಂತಾಯಿತು. ಈಗ ಅವು ಪರದೆಯ ಕೆಳಗೋ ಹಿಂದೋ ಇರುತ್ತವೆ. ಅಂದರೆ ಡೈಲಾಗ್ ಹೋಗಿ ಮೊದಲು ಗೋಡೆಗೆ ಬಡಿಯುತ್ತೆ, ಆಮೇಲೆ ನಿಮ್ಮ ಹತ್ತಿರ ಬರುತ್ತೆ. ಜೊತೆಗೆ ಸಿನಿಮಾದ ಶಬ್ದ ಕೂಡಿಸಿರುವುದು ಥಿಯೇಟರ್‌ಗೆ. 5.1 ಅಂತ ಕರೆಯುವ ಆ ಲೆಕ್ಕದಲ್ಲಿ ಸ್ಪೀಕರ್‌ಗಳು ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆ ಒಂದು. ಮಾತು ಬಹುಪಾಲು ಮುಂದಿನ ಮೂರರಲ್ಲಿ ನಡುವಿನದ್ದರಿಂದ ಬರುತ್ತೆ. ನಿಮ್ಮ ಟಿವಿಗೆ ನಡುವಿನ ಸ್ಪೀಕರೇ ಇಲ್ಲ. ಆರು ದಾರಿಯ ಶಬ್ದವನ್ನು ಎರಡಕ್ಕೆ ಹಿಂಡಿದಾಗ ಮಾತು ಸಂಗೀತದ ಅಡಿಗೆ ಸಿಕ್ಕಿಕೊಳ್ಳುತ್ತೆ.

ಖರ್ಚಿಲ್ಲದ ದಾರಿ ಮೊದಲು. ಆ್ಯಪ್‌ನಲ್ಲಿ ಆಡಿಯೋ ಪಟ್ಟಿ ತೆರೆದು ನೋಡಿ. ಕನ್ನಡ ಅಂತ ಒಂದು, ಕನ್ನಡ 5.1 ಅಂತ ಇನ್ನೊಂದು ಇದ್ದರೆ 5.1 ಬಿಟ್ಟು ಸಾದಾ ಕನ್ನಡ ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಕ್ಲಿಯರ್ ವಾಯ್ಸ್, ನೈಟ್ ಮೋಡ್, ಆಟೋ ವಾಲ್ಯೂಮ್ ಅಂತ ಏನಾದರೂ ಇದ್ದರೆ ಹಾಕಿ. ನೈಟ್ ಮೋಡ್ ಜೋರು ಶಬ್ದವನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತೆ, ನಿಮಗೆ ಬೇಕಾಗಿರುವುದು ಅದೇ. ನಮ್ಮ ಹಾಲ್‌ಗಳ ಕಥೆಯೂ ಇದೆ. ವಿಟ್ರಿಫೈಡ್ ಟೈಲ್ಸ್, ಬರೀ ಗೋಡೆ, ಗಾಜಿನ ಶೋಕೇಸು. ಶಬ್ದ ಹೀರುವ ಒಂದು ವಸ್ತುವೂ ಇಲ್ಲ. ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು ನೋಡಿ, ಮಾತು ಎಷ್ಟೋ ಬಿಡಿಸಿ ಕೇಳುತ್ತೆ.

ಸೌಂಡ್‌ಬಾರ್ (ಟಿವಿಗೆ ಜೋಡಿಸುವ ಉದ್ದನೆ ಸ್ಪೀಕರ್) ಕೊಳ್ಳುವುದೇ ಆದರೆ 2.1 ಬಿಟ್ಟು 3.1 ಕೇಳಿ ತಗೊಳ್ಳಿ. ಆ ಮೂರನೆಯದೇ ಮಾತಿನ ಸ್ಪೀಕರ್. ಕೇಬಲ್ಲನ್ನು ಟಿವಿಯ ಹಿಂದೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೇ ಹಾಕಬೇಕು. ಮಿಕ್ಕವುಗಳಿಗೆ ಹಾಕಿ "ಬಾರ್ ಕೆಟ್ಟಿದೆ" ಅಂತ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಬಾರನ್ನು ಶೋಕೇಸ್‌ನ ಒಳಗಂತೂ ಇಡಬೇಡಿ.

ಇನ್ನು ಮಾವನವರ ವಿಷಯ. ಟಿವಿಯ ಸ್ಪೀಕರ್ ಮತ್ತು ಬ್ಲೂಟೂತ್ ಹೆಡ್‌ಫೋನ್ ಎರಡೂ ಒಟ್ಟಿಗೆ ಕೆಲಸ ಮಾಡುವ ಆಯ್ಕೆ ಈಚಿನ ಕೆಲವು ಟಿವಿಗಳಲ್ಲಿದೆ. ಇದ್ದರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯಿತು. ಅವರಿಗೆ ಕಿವಿಯಲ್ಲಿ ಜೋರು, ಉಳಿದವರಿಗೆ ಸಣ್ಣಗೆ.

ಪ್ರಶ್ನೆ: ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ದೊಡ್ಡ ಟಿವಿಗೆ ಅಷ್ಟು ದುಡ್ಡು ಕೊಟ್ಟು ಮುಕ್ಕಾಲು ಪರದೆ ನೋಡಬೇಕಾ?
— ಓದುಗರು, ಚಿತ್ರದುರ್ಗ

ನೋಡಬೇಕು. ಸ್ಕೋಪ್ (ಅಗಲ ಪರದೆಯ) ಸಿನಿಮಾದ ಅಗಲ ಎತ್ತರದ ಸುಮಾರು 2.39 ಪಟ್ಟು, ನಿಮ್ಮ ಟಿವಿಯದ್ದು 1.78 ಪಟ್ಟು. ಝೂಮ್ ಒತ್ತಿದರೆ ಪಟ್ಟಿ ಹೋಗುತ್ತೆ, ಜೊತೆಗೆ ಎರಡೂ ಪಕ್ಕದಲ್ಲಿ ನಿಂತವರೂ ಹೋಗುತ್ತಾರೆ. ಕಪ್ಪು ಪಟ್ಟಿ ಬೇಡವೇ ಬೇಡ ಅಂದರೆ ಮೊಬೈಲಲ್ಲಿ ನೋಡಿ. ಈಗಿನ ಉದ್ದನೆ ಮೊಬೈಲುಗಳಿಗೆ ಸ್ಕೋಪ್ ಹೆಚ್ಚುಕಮ್ಮಿ ಕೂರುತ್ತೆ. ಹೆಚ್ಚುಕಮ್ಮಿ ಚೌಕವಾಗಿರುವ ಹಳೇ 4:3 ಕಾರ್ಯಕ್ರಮಗಳನ್ನು ಅಗಲಕ್ಕೆ ಎಳೆದು, ಎಲ್ಲರೂ ಊದಿಕೊಂಡಂತೆ ಮಾಡಿ ನೋಡುವ ಮನೆಗಳೂ ಇವೆ. ಅವರಿಗೆ ನಾನು ಏನೂ ಹೇಳಲ್ಲ.

ಪ್ರಶ್ನೆ: ನಮ್ಮೂರಿಗೆ ಫೈಬರ್ ಬಂದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿಗೆ ಕೊಡುತ್ತೇವೆ. ದಿನಕ್ಕೆ 2 ಜಿಬಿ ಪ್ಯಾಕು. ಕ್ಲೈಮ್ಯಾಕ್ಸ್‌ಗೆ ಮುಂಚೆ ಖಾಲಿ!
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ಹತ್ತಿರ

ಟಿವಿ ದೊಡ್ಡ ಪರದೆ ಅಂತ ಆ್ಯಪ್ ತಾನಾಗೇ ದೊಡ್ಡ ಚಿತ್ರ ಕಳಿಸುತ್ತೆ. ನೆಟ್‌ಫ್ಲಿಕ್ಸ್ ಲೆಕ್ಕ ಹೇಳುತ್ತೇನೆ: ಎಚ್‌ಡಿ ಆದರೆ ಗಂಟೆಗೆ 3 ಜಿಬಿವರೆಗೆ, 4ಕೆ ಆದರೆ 7 ಜಿಬಿವರೆಗೆ. ಇಂಟರ್‌ವಲ್‌ಗೇ ನಿಮ್ಮ ಪ್ಯಾಕು ಮುಗಿಯಬೇಕು, ಕ್ಲೈಮ್ಯಾಕ್ಸ್ ಹತ್ತಿರ ಬಂದಿದ್ದೀರಿ ಅಂದರೆ ಪುಣ್ಯ. ಅಕೌಂಟ್ ಒಳಗೆ ನಿಮ್ಮ ಪ್ರೊಫೈಲ್‌ಗೆ ಹೋಗಿ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಂ ಇಡಿ, ಗಂಟೆಗೆ ಮುಕ್ಕಾಲು ಜಿಬಿ ಒಳಗೇ ಮುಗಿಯುತ್ತೆ. ಎರಡೂವರೆ ಗಂಟೆಯ ಸಿನಿಮಾ ಎರಡು ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತೆ. ಚಿತ್ರ ಸ್ವಲ್ಪ ಮಂಕು, ನಾಲ್ಕು ಹೆಜ್ಜೆ ದೂರ ಕೂತರೆ ಗೊತ್ತಾಗಲ್ಲ. ಯೂಟ್ಯೂಬ್ ಆದರೆ ಗೇರ್ ಚಿಹ್ನೆ ಒತ್ತಿ ಚಿತ್ರದ ಸ್ಪಷ್ಟತೆಯನ್ನು 480ಕ್ಕೆ ಇಳಿಸಿ.

ಪೇಟೆಗೆ ಹೋದಾಗ ವೈಫೈ ಇರುವ ನೆಂಟರ ಮನೆಯಲ್ಲಿ ಮೊಬೈಲಿಗೆ ಡೌನ್‌ಲೋಡ್ ಮಾಡಿಕೊಂಡು ಬರುವ ಪದ್ಧತಿಯೂ ನಿಮ್ಮ ಕಡೆ ಚಾಲ್ತಿಯಲ್ಲಿದೆ ಅಂತ ಕೇಳಿದ್ದೇನೆ. ಆದರೆ ಹಾಗೆ ಇಳಿಸಿಕೊಂಡಿದ್ದನ್ನು ಟಿವಿಗೆ ಹಾಕಲು ಸಾಮಾನ್ಯವಾಗಿ ಆ್ಯಪ್‌ಗಳು ಬಿಡಲ್ಲ, ಮೊಬೈಲಲ್ಲೇ ನೋಡಬೇಕು. ಬರೀ ಚಾನೆಲ್ ಸಾಕು ಅನ್ನುವ ದಿನಗಳಿಗೆ ಡಿಡಿ ಫ್ರೀ ಡಿಶ್ ಇದ್ದೇ ಇದೆ, ತಟ್ಟೆ ಮತ್ತು ಬಾಕ್ಸ್ ಹಾಕಿಸಿದ ಮೇಲೆ ತಿಂಗಳ ಬಾಡಿಗೆ ಇಲ್ಲ.

ಪ್ರಶ್ನೆ: ಮೊಬೈಲ್ ಸ್ಕ್ರೀನ್ ಫುಲ್ ಎಚ್‌ಡಿ, ಪ್ಲ್ಯಾನೂ ಎಚ್‌ಡಿ, ಆದರೂ ಸಿನಿಮಾ ಮಸುಕು. ಲ್ಯಾಪ್‌ಟಾಪನ್ನು ಹಳೇ ಪ್ರೊಜೆಕ್ಟರ್‌ಗೆ ಜೋಡಿಸಿದರೆ ಶಬ್ದ ಬರುತ್ತೆ, ಚಿತ್ರ ಕಪ್ಪು.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಎರಡಕ್ಕೂ ಮೂಲ ಒಂದೇ, ಕಳ್ಳ ಕಾಪಿಯ ಭಯ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸಿನಿಮಾದ ಬೀಗ ತೆಗೆಯುವುದು ಗೂಗಲ್‌ನ ವೈಡ್‌ವೈನ್ ಅನ್ನುವ ತಂತ್ರಾಂಶ. ಅದರಲ್ಲಿ ಎಲ್1 (ಹೆಚ್ಚು ಭದ್ರತೆಯ ಮಟ್ಟ) ಇದ್ದ ಮೊಬೈಲಿಗೆ ಎಚ್‌ಡಿ ಕೊಡುತ್ತಾರೆ. ಎಲ್3 (ಕಡಿಮೆ ಭದ್ರತೆಯದು) ಮಾತ್ರ ಇದ್ದರೆ ನಿಮ್ಮ ಪರದೆ ಎಷ್ಟೇ ಚಂದ ಇರಲಿ, ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಲ್ಲಿ 480ರ ಚಿತ್ರವೇ ಗತಿ. ನೆಟ್‌ಫ್ಲಿಕ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಸ್ಪೆಸಿಫಿಕೇಷನ್ ಅಂತ ಒಂದಿದೆ, ಅಲ್ಲಿ ಯಾವುದು ಅಂತ ಬರೆದಿರುತ್ತೆ. ಮೊಬೈಲಿನ ಮೂಲ ತಂತ್ರಾಂಶದ ಬೀಗ ತೆಗೆದು (ಬೂಟ್‌ಲೋಡರ್ ಅನ್‌ಲಾಕ್) ರೂಟ್ ಗೀಟ್ ಅಂತ ಆಟ ಆಡಿದ್ದರೆ ಎಲ್1 ಹೋಗಿ ಎಲ್3 ಆಗಿರಬಹುದು. ಎಂಜಿನಿಯರಿಂಗ್ ಅಂದಿರಿ, ಹಾಗಾಗಿ ಕೇಳಿದೆ.

ಪ್ರೊಜೆಕ್ಟರ್ ಕಪ್ಪಾಗಲು ಕಾರಣ ಎಚ್‌ಡಿಸಿಪಿ. ಎರಡೂ ತುದಿಯ ಯಂತ್ರಗಳು ಗುರುತು ಹೇಳಿಕೊಂಡರೆ ಮಾತ್ರ ಚಿತ್ರ ಬಿಡುವ ಕಾವಲು ಅದು. ಹಳೇ ಪ್ರೊಜೆಕ್ಟರ್, ವಿಜಿಎ ಪರಿವರ್ತಕ, ಅಗ್ಗದ ಸ್ಪ್ಲಿಟರ್ ಇದ್ದ ಕಡೆ ಗುರುತು ಸಿಗಲ್ಲ, ಚಿತ್ರ ಬರಲ್ಲ.

ಪ್ರಶ್ನೆ: ಮೊಬೈಲಿಂದ ಟಿವಿಗೆ ಹಾಕಿ ನೆಂಟರ ಜೊತೆ ಮದುವೆ ವಿಡಿಯೋ ನೋಡ್ತಿದ್ವಿ. ಮಧ್ಯೆ ನನಗೆ ಬಂದ ವಾಟ್ಸ್ಆ್ಯಪ್ ಮೆಸೇಜು ಟಿವಿ ಮೇಲೆ ಎಲ್ಲರಿಗೂ ಕಾಣಿಸಿತು. ಅದರಲ್ಲಿ ಅದೇ ನೆಂಟರ ಬಗ್ಗೆ...
— ಹೆಸರು ಬೇಡ, ಮೈಸೂರು

ಅಯ್ಯೋ! ನೆಂಟಸ್ತಿಕೆ ನನ್ನ ಕೈಲಾಗಲ್ಲ, ಟಿವಿ ಮಾತ್ರ ಹೇಳಬಲ್ಲೆ. ನೀವು ಮಾಡಿದ್ದು ಮಿರರಿಂಗ್. ಮೊಬೈಲಲ್ಲಿ ಕಂಡದ್ದೆಲ್ಲ ಹಾಗ್ಹಾಗೇ ಟಿವಿಗೆ ಹೋಗುತ್ತೆ, ಬ್ಯಾಟರಿಯೂ ಬೇಗ ಇಳಿಯುತ್ತೆ. ಕಾಸ್ಟ್ ಮಾಡುವುದು ಬೇರೆ. ಆ್ಯಪ್ ಒಳಗಿನ ಕಾಸ್ಟ್ ಚಿಹ್ನೆ ಒತ್ತಿದರೆ ಮೊಬೈಲು ಟಿವಿಗೆ ವಿಡಿಯೋದ ವಿಳಾಸ ಮಾತ್ರ ಹೇಳುತ್ತೆ. ಟಿವಿಯೇ ಇಂಟರ್ನೆಟ್‌ನಿಂದ ನೇರವಾಗಿ ತಂದುಕೊಳ್ಳುತ್ತೆ. ಆಮೇಲೆ ಮೊಬೈಲಲ್ಲಿ ಯಾರ ಬಗ್ಗೆ ಏನು ಬೇಕಾದರೂ ಬರೆದುಕೊಳ್ಳಿ. ಮದುವೆ ವಿಡಿಯೋ ಗೂಗಲ್ ಫೋಟೋಸ್‌ನಲ್ಲಿದ್ದರೆ ಅಲ್ಲಿಂದಲೇ ಕಾಸ್ಟ್ ಮಾಡಬಹುದು. ಮಿರರಿಂಗೇ ಬೇಕಾದರೆ ಡು ನಾಟ್ ಡಿಸ್ಟರ್ಬ್ ಹಾಕಿ ಶುರು ಮಾಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ, ಅಮ್ಮ ದಾವಣಗೆರೆಯಲ್ಲಿ. ಇಬ್ಬರೂ ಒಟ್ಟಿಗೆ ಒಂದು ಕನ್ನಡ ಸಿನಿಮಾ ನೋಡೋಣ ಅಂದರೆ ಅವರಿಗೆ ಕಾಣಿಸಿದ್ದು ನನಗೆ ಕಾಣಿಸಲ್ಲ. ಅದೇ ಆ್ಯಪ್, ಅದೇ ಅಕೌಂಟ್!
— ಓದುಗರು, ಅಮೆರಿಕ

ಸಿನಿಮಾ ಹಕ್ಕುಗಳನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರುತ್ತಾರೆ. ನೀವು ಎಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ ಪಟ್ಟಿ ಬದಲಾಗುತ್ತೆ, ಅಕೌಂಟ್ ಒಂದೇ ಆದರೆ ಸಾಲದು. ಜೊತೆಗೆ ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ಭಾರತದಲ್ಲೂ ಒಂದು ಅಕೌಂಟ್ ಒಂದು ಮನೆಗೆ ಅಂತ ಕಟ್ಟುನಿಟ್ಟು ಮಾಡಿದೆ, ಹಂಚಿಕೊಳ್ಳೋದೂ ಕಷ್ಟವೇ. ಇಬ್ಬರ ಪಟ್ಟಿಯಲ್ಲೂ ಇರುವ ಸಿನಿಮಾ ಮೊದಲೇ ಹುಡುಕಿಟ್ಟುಕೊಳ್ಳಿ. ನಿರ್ಮಾಪಕರೇ ಯೂಟ್ಯೂಬ್‌ಗೆ ಹಾಕಿರುವ ಹಳೇ ಕನ್ನಡ ಸಿನಿಮಾಗಳಾದರೆ ಎರಡೂ ಕಡೆ ಸಿಗುವ ಸಾಧ್ಯತೆ ಜಾಸ್ತಿ.

ಒಟ್ಟಿಗೆ ಓಡಿಸಲು ಕಂಪ್ಯೂಟರ್ ಬ್ರೌಸರ್‌ಗೆ ಟೆಲಿಪಾರ್ಟಿ ಥರದ್ದು ಇವೆ. ಆದರೆ ಅಮ್ಮ ಟಿವಿಯಲ್ಲಿ ನೋಡುವವರಾದರೆ ಸುಮ್ನೆ ಗೋಜಲು. ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ, ಒಂದು ಎರಡು ಮೂರು ಅಂದು ಇಬ್ಬರೂ ಒತ್ತಿ. ನೀವು ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಡೈಲಾಗ್ ಎರಡೆರಡು ಸಲ ಕೇಳುತ್ತೆ. ನಿಮ್ಮ ಶನಿವಾರ ಬೆಳಿಗ್ಗೆ ಅಮ್ಮನಿಗೆ ಶನಿವಾರ ಸಂಜೆ. ಆದರೆ ಸೀರಿಯಲ್ ಹೊತ್ತು ಬಿಟ್ಟು ಟೈಮ್ ಕೇಳಿ.

ಪ್ರಶ್ನೆ: ಒಂದೂವರೆ ವರ್ಷದ ಮಗಳು ಊಟಕ್ಕೆ ಕೂತರೆ ಮೊಬೈಲಲ್ಲಿ ರೈಮ್ಸ್ ಬೇಕು. ಮೊಬೈಲ್ ಬದಲು ಟಿವಿಯಲ್ಲಿ ಹಾಕಿದರೆ ಪರವಾಗಿಲ್ವಾ?
— ತಾಯಿ, ಬೆಂಗಳೂರು

ಇಲ್ಲ. ಎರಡು ವರ್ಷದ ಒಳಗೆ ಯಾವ ಪರದೆಯೂ ಬೇಡ ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ಮನೆಯವರ ಜೊತೆ ವಿಡಿಯೋ ಕಾಲ್‌ಗೆ ಮಾತ್ರ ಸ್ವಲ್ಪ ವಿನಾಯಿತಿ. ಪರದೆ ದೊಡ್ಡದೋ ಸಣ್ಣದೋ, ಮಾತು ಒಂದೇ.

ಪ್ರಶ್ನೆ: ಟಿವಿ ಶೋಕೇಸ್ ಮೇಲೆ ಎತ್ತರದಲ್ಲಿದೆ. ನೋಡಿ ನೋಡಿ ಕುತ್ತಿಗೆ ನೋವು. 43 ತೆಗೆದು 55 ಹಾಕಿದರೆ ಸರಿಹೋಗುತ್ತಾ?
— ನಿವೃತ್ತ ಶಿಕ್ಷಕರು, ಹಾಸನ

55 ಹಾಕಿದರೆ ಇನ್ನೂ ಮೇಲಕ್ಕೆ ನೋಡಬೇಕಾಗುತ್ತೆ ಮೇಷ್ಟ್ರೇ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಹತ್ತಿರ ಇರಲಿ. ಗೋಡೆಯಿಂದ ಇಳಿಸಲು ಮೆಕ್ಯಾನಿಕ್ ಕರೆಸಿ, ಹೊಸ ಟಿವಿಯ ದುಡ್ಡಿನ ಮುಂದೆ ಅದು ಏನೇನೂ ಅಲ್ಲ. ಅಳತೆ ಬೇಕಾದರೆ ಕರ್ಣದ ಉದ್ದದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೂರ ಕೂರುವುದು ವಾಡಿಕೆ. 43ಕ್ಕೆ ಸುಮಾರು ಆರಡಿ, 55ಕ್ಕೆ ಏಳೂವರೆ. ಸೋಫಾದಿಂದ ಟೇಪ್ ಹಿಡಿದು ನೋಡಿ.

ಪ್ರಶ್ನೆ: 8ಕೆ ಟಿವಿ ಬಂದಿದೆಯಂತೆ, ತಗೊಳ್ಳಲಾ?
— ಓದುಗರು, ಬಳ್ಳಾರಿ

ಬೇಡ. ನೆಟ್‌ಫ್ಲಿಕ್ಸ್, ಪ್ರೈಮ್ ಎರಡರಲ್ಲೂ ಸಿಗುವುದು 4ಕೆವರೆಗೆ ಮಾತ್ರ.