ಕ್ಯಾಮೆರಾ ಎಲ್ಲಿದೆ ಎಂದು ತಿಳಿದುಕೊಂಡರೆ ತಪ್ಪೇ?

ಓದುಗರೊಬ್ಬರ ಪ್ರಶ್ನೆ: "ಸ್ಪೀಡ್ ಕ್ಯಾಮೆರಾ ಹತ್ತಿರ ಬಂದಾಗ ಎಚ್ಚರಿಸುವ ಆ್ಯಪ್ ಬಳಸಬಹುದೇ? ನಂಬರ್ ಪ್ಲೇಟಿಗೆ ಹೊಡೆಯುವ ಸ್ಪ್ರೇ, ರಾಡಾರ್ ಜಾಮರ್ ಕೂಡ ಮಾರುತ್ತಾರಲ್ಲ, ಅವು?"

ಆ್ಯಪ್ ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ಕಾನೂನು. ಬ್ರಿಟನ್ನಿನಲ್ಲಿ ಅಡ್ಡಿಯಿಲ್ಲ. ಜರ್ಮನಿಯಲ್ಲಿ ಗಾಡಿ ಓಡಿಸುವಾಗ ಚಾಲಕ ಬಳಸುವಂತಿಲ್ಲ. ಫ್ರಾನ್ಸಿನಲ್ಲಿ ಕ್ಯಾಮೆರಾದ ನಿಖರ ಜಾಗ ತೋರಿಸುವಂತಿಲ್ಲ, 'ಅಪಾಯದ ವಲಯ' ಎಂದಷ್ಟೇ ಹೇಳಬಹುದು. ಗಡಿ ದಾಟುವ ಮುಂಚೆ ವಿಚಾರಿಸಿಕೊಳ್ಳಿ.

ಜಾಮರ್ ಮಾತೇ ಬೇರೆ. ರಾಡಾರ್ ಇರುವುದನ್ನು ಪತ್ತೆಹಚ್ಚಿ ಎಚ್ಚರಿಸುವ ಡಿಟೆಕ್ಟರ್ ಎಂಬ ಸಾಧನ, ವೇಗ ಅಳೆಯುವ ರಾಡಾರಿನಿಂದ ಬರುವ ಅಲೆಯನ್ನು ಹಿಡಿಯುತ್ತದೆ, ಅಷ್ಟೇ. ಜಾಮರ್ ತಾನೇ ಅಲೆ ಬಿಟ್ಟು ಅಳತೆಯನ್ನು ಕೆಡಿಸುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಖಾಸಗಿ ಕಾರಿನಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳಬಹುದು, ವರ್ಜೀನಿಯಾದಲ್ಲಿ ಆಗದು. ರಾಡಾರ್ ಜಾಮರ್‌ಗೆ ಮಾತ್ರ ಇಡೀ ದೇಶದಲ್ಲೇ ನಿಷೇಧವಿದೆ. ಬೆಳಕಿನ ಕಿರಣ ಬಿಟ್ಟು ವೇಗ ಅಳೆಯುವ ಲೇಸರ್ ಗನ್ ಎದುರು ಡಿಟೆಕ್ಟರ್ ಕೂಡ ಹೆಚ್ಚು ಕೆಲಸಕ್ಕೆ ಬಾರದು. 300 ಮೀಟರ್ ದೂರದಲ್ಲೂ ಅದರ ಕಿರಣದ ಅಗಲ ಸುಮಾರು ಒಂದೇ ಮೀಟರ್. ನಿಮ್ಮ ಗಾಡಿಗೇ ಗುರಿಯಿಟ್ಟಾಗ ಡಿಟೆಕ್ಟರ್ ಕೂಗುತ್ತದೆ. ನೀವು ಬ್ರೇಕ್ ಮುಟ್ಟುವಷ್ಟರಲ್ಲಿ ವೇಗ ದಾಖಲಾಗಿರುತ್ತದೆ.

ಸ್ಪ್ರೇಗೆ ದುಡ್ಡು ಹಾಕಲೇಬೇಡಿ. ಫ್ಲ್ಯಾಶ್ ಬೆಳಕು ಪ್ಲೇಟಿನಿಂದ ವಾಪಸ್ ಹೊಡೆದು ಅಂಕಿಗಳು ಮಸುಕಾಗುತ್ತವೆ ಎಂದು ಹೇಳಿ ಮಾರುತ್ತಾರೆ. ನಂಬರ್ ಓದುವ ಎಷ್ಟೋ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕು ಬಳಸುತ್ತವೆ, ಫ್ಲ್ಯಾಶಿನ ಹಂಗು ಅವಕ್ಕಿಲ್ಲ. ಒಂದು ವೇಳೆ ಸ್ಪ್ರೇ ಫಲಿಸಿದರೂ ಪ್ಲೇಟ್ ಓದಲಾಗದಂತೆ ಮಾಡಿದ್ದಕ್ಕೆ ಇನ್ನೊಂದು ಕೇಸು ಬೀಳಬಹುದು.

ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಓಡಿಸುವ ಅಭ್ಯಾಸ ಸರಾಸರಿ ವೇಗ ಅಳೆಯುವ ರಸ್ತೆಯಲ್ಲಿ ನಡೆಯದು. ಎರಡು ಕ್ಯಾಮೆರಾಗಳ ನಡುವೆ 6 ಕಿ.ಮೀ., ಮಿತಿ 60 ಎಂದುಕೊಳ್ಳಿ. ಆರು ನಿಮಿಷ ಹಿಡಿಯಬೇಕು. ಐದಕ್ಕೇ ಮುಟ್ಟಿದಿರೋ, ನಿಮ್ಮ ವೇಗ 72. ಅದಕ್ಕಿಂತ ನಮಗೆ ಆತಂಕ ಹಿಂದೆ ಬರುವವರದು: 100ರ ವೇಗದಲ್ಲಿ ಗಾಡಿ ಸೆಕೆಂಡಿಗೆ 28 ಮೀಟರ್ ಸಾಗುತ್ತದೆ, ನೀವು ದಿಢೀರನೆ ಬ್ರೇಕ್ ಹಾಕಿದರೆ ಅವರಿಗೆ ಸಮಯವೇ ಇರುವುದಿಲ್ಲ.

ನೋಟಿಸ್ ಬಂದ ಮೇಲೆ ಗಾಡಿ ಬೇರೆಯವರು ಓಡಿಸುತ್ತಿದ್ದರು ಎಂದು ಸುಳ್ಳು ಹೇಳುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಾಧೀಶ ಮಾರ್ಕಸ್ ಐನ್‌ಫೆಲ್ಡ್ 77 ಡಾಲರ್ ದಂಡದ ಪ್ರಕರಣದಲ್ಲಿ, ಅಷ್ಟೊತ್ತಿಗಾಗಲೇ ತೀರಿಕೊಂಡಿದ್ದ ಪರಿಚಿತೆಯ ಹೆಸರು ಹೇಳಿ, 2009ರಲ್ಲಿ ಜೈಲಿಗೆ ಹೋದರು.

ನೋಟಿಸೇ ತಪ್ಪು ಅನ್ನಿಸಿದರೆ ಗಡುವಿನೊಳಗೆ ಲಿಖಿತವಾಗಿ ಆಕ್ಷೇಪಿಸಿ. ಫೋಟೊ ಮತ್ತು ಉಪಕರಣದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ (ಅದು ಸರಿಯಾಗಿ ಅಳೆಯುತ್ತದೆ ಎಂಬ ಪ್ರಮಾಣಪತ್ರ) ಕೇಳಿ. ಫೋಟೊದಲ್ಲಿ ಪಕ್ಕದ ಲೇನಿನ ಗಾಡಿಯೂ ಇದೆಯೇ, ನಂಬರಿನ ಪ್ರತಿ ಅಕ್ಷರ ಸರಿಯಿದೆಯೇ, ಸರ್ಟಿಫಿಕೇಟಿನ ಅವಧಿ ಆ ದಿನಕ್ಕೆ ಮುಗಿದಿತ್ತೇ ಎಂದು ಮೊದಲು ನೋಡಿ.