ಕೌನ್ಸಿಲ್ ಮನೆ: ಆಫರ್ ಬಂದಿದೆ, ಕೀ ಬಂದಿಲ್ಲ

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರು ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದ ವಸತಿ ಸಂಸ್ಥೆ) ಬಾಡಿಗೆಗೆ ಕೊಡುವ ಮನೆಗಳ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಇಲ್ಲಿರುವುದು ಇಂಗ್ಲೆಂಡಿನ ಕಾನೂನು. ಸ್ಕಾಟ್ಲೆಂಡ್, ವೇಲ್ಸ್‌ನದು ಬೇರೆ. ಇಂಗ್ಲೆಂಡಿನ ಒಳಗೂ ಒಂದೊಂದು ಕೌನ್ಸಿಲ್‌ಗೆ ಒಂದೊಂದು ಹಂಚಿಕೆ ನಿಯಮ. ಅದು 'ಅಲೊಕೇಷನ್ ಸ್ಕೀಮ್' ಎಂಬ ಹೆಸರಿನಲ್ಲಿ ಕೌನ್ಸಿಲಿನ ವೆಬ್‌ಸೈಟಿನಲ್ಲೇ ಇರುತ್ತದೆ. ನೆಂಟರಿಷ್ಟರು ಹೇಳಿದ್ದನ್ನು ನಂಬುವ ಮೊದಲು ಅದನ್ನು ತೆರೆದು ನೋಡಿ.

ಪ್ರಶ್ನೆ: ಎರಡು ಬೆಡ್‌ರೂಮಿನ ಫ್ಲ್ಯಾಟ್ ಒಪ್ಪಿಕೊಂಡು ಐದು ವಾರವಾಯಿತು. ಫೋನ್ ಮಾಡಿದಾಗಲೆಲ್ಲ 'ವಾಯ್ಡ್ ವರ್ಕ್ಸ್ (ಖಾಲಿ ಮನೆಯ ರಿಪೇರಿ) ನಡೀತಿದೆ' ಅಂತಾರೆ. ಈಗಿರುವ ಬಾಡಿಗೆ ಮನೆಗೆ ನೋಟಿಸ್ ಕೊಟ್ಟುಬಿಡಲೇ? ಎರಡು ಕಡೆ ಬಾಡಿಗೆ ಕಟ್ಟುವ ಶಕ್ತಿ ನಮಗಿಲ್ಲ.

ಈಗಲೇ ಕೊಡಬೇಡಿ. ಟೆನೆನ್ಸಿಗೆ (ಬಾಡಿಗೆ ಕರಾರಿಗೆ) ಸಹಿ ಬೀಳುವ ತನಕ ಆಫರ್ ವಾಪಸ್ ಹೋಗುವುದುಂಟು: ಮನೆಯಲ್ಲಿ ದೊಡ್ಡ ರಿಪೇರಿ ಕಾಣಿಸಿಕೊಳ್ಳಬಹುದು, ನಿಮ್ಮ ದಾಖಲೆಗಳ ಕೊನೆಯ ಪರಿಶೀಲನೆಯಲ್ಲಿ ಏನಾದರೂ ತಕರಾರು ಏಳಬಹುದು. ಇರುವ ಮನೆಯನ್ನು ನೀವಾಗಿಯೇ ಬಿಟ್ಟು ಬೀದಿಗೆ ಬಂದರೆ 'ಬೇಕಂತಲೇ ಮನೆ ಕಳೆದುಕೊಂಡವರು' ಎಂದು ಕೌನ್ಸಿಲ್ ತೀರ್ಮಾನಿಸುವ ಅಪಾಯ ಬೇರೆ ಇದೆ. ಆಮೇಲೆ ಅದನ್ನು ಅಳಿಸಿಹಾಕುವುದು ಸುಲಭವಲ್ಲ.

ಹಳೇ ಬಾಡಿಗೆದಾರರು ಬಿಟ್ಟ ಮನೆಯಲ್ಲಿ ಮೊದಲು ಬೀಗ ಬದಲಾಗುತ್ತದೆ, ಗ್ಯಾಸ್ ಮತ್ತು ವಿದ್ಯುತ್ ಸುರಕ್ಷತಾ ತಪಾಸಣೆ ಆಗುತ್ತದೆ, ಬಿಟ್ಟುಹೋದ ಸಾಮಾನು ತೆರವಾಗುತ್ತದೆ. ಇಷ್ಟೇ ಆದರೆ ಬೇಗ ಮುಗಿಯುತ್ತದೆ. ಎಳೆಯುವುದು ಮೂರು ಕಾರಣಕ್ಕೆ: ವೈರಿಂಗ್ ತಪಾಸಣೆಯಲ್ಲಿ ಫೇಲಾಗಿ ಹೊಸದಾಗಿ ಎಳೆಯಬೇಕಾದರೆ, ಹಳೇ ಆರ್ಟೆಕ್ಸ್ (ಉಬ್ಬು ಚಿತ್ತಾರದ ಲೇಪ) ಚಾವಣಿಯಲ್ಲೋ ನೆಲದ ಟೈಲ್ಸ್‌ನಲ್ಲೋ ಆಸ್ಬೆಸ್ಟಾಸ್ ಸಿಕ್ಕರೆ, ಗೋಡೆಯ ತೇವಕ್ಕೆ ಮೂಲ ಹುಡುಕಬೇಕಾಗಿ ಬಂದರೆ. ಹಾಗಾಗಿ 'ಯಾವಾಗ ಕೊಡ್ತೀರಿ' ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಮನೆ ಹಂಚುವ ಲೆಟಿಂಗ್ಸ್ ಆಫೀಸರ್‌ಗೆ ಇಮೇಲ್ ಮಾಡಿ, ಯಾವ ಕೆಲಸ ಬಾಕಿ ಇದೆ, ಗುತ್ತಿಗೆದಾರರು ಮನೆ ವಾಪಸ್ ಒಪ್ಪಿಸುವ ದಿನಾಂಕ ಯಾವುದು, ನಾವು ಬಂದ ಮೇಲೆ ಮಾಡುತ್ತೇವೆಂದು ಬಿಟ್ಟಿರುವ ಕೆಲಸ ಯಾವುದು ಎಂದು ಕೇಳಿ. ಮೂರನೆಯದನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತಿನಲ್ಲಿ 'ನೀವು ಬಂದ ಮೇಲೆ ಬಾತ್‌ರೂಮ್ ಮಾಡಿಸ್ತೀವಿ' ಅಂದದ್ದು ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಈಗ ಡಬಲ್ ಬಾಡಿಗೆಯ ವಿಷಯ. 2026ರ ಮೇ 1ರಿಂದ ಖಾಸಗಿ ಬಾಡಿಗೆದಾರರು ಕೊಡಬೇಕಾದ ನೋಟಿಸ್ ಎರಡು ತಿಂಗಳು. ಮಾಲೀಕರು ಲಿಖಿತವಾಗಿ ಒಪ್ಪಿದರೆ ಕಡಿಮೆಯೂ ಆಗಬಹುದು. ಕೌನ್ಸಿಲ್ ಕಡೆಯಿಂದಲೋ, ಮನೆ ಸಿದ್ಧವಾದ ಕೆಲವೇ ದಿನದಲ್ಲಿ ಸಹಿಗೆ ಕರೆಯುತ್ತಾರೆ. ಟೆನೆನ್ಸಿ ಸಾಮಾನ್ಯವಾಗಿ ಸೋಮವಾರದಿಂದ ಶುರು. ಎರಡನ್ನೂ ತಾಳೆ ಹಾಕಿದರೆ ಕೆಲವು ವಾರ ಎರಡು ಬಾಡಿಗೆ ಬೀಳುವುದು ಖಚಿತ. ಅದಕ್ಕೇ ಮಾಲೀಕರ ಜೊತೆ ಈಗಲೇ ಮಾತಾಡಿ, ಹೊಸಬರು ಸಿಕ್ಕ ದಿನ ನಿಮ್ಮನ್ನು ಬಿಡುಗಡೆ ಮಾಡುತ್ತೇವೆಂದು ಅವರಿಂದ ಒಂದು ಇಮೇಲ್ ಬರಿಸಿಕೊಳ್ಳಿ. ಈಗ ಬಾಡಿಗೆ ಏರಿರುವುದರಿಂದ ಹಲವರು ಸಂತೋಷವಾಗಿಯೇ ಒಪ್ಪುತ್ತಾರೆ.

ಯೂನಿವರ್ಸಲ್ ಕ್ರೆಡಿಟ್ (ಸರ್ಕಾರದ ಮಾಸಿಕ ನೆರವು) ಪಡೆಯುತ್ತಿದ್ದರೆ ಸ್ಥಳಾಂತರದ ದಿನಾಂಕವೂ ಮುಖ್ಯ. ನೆರವಿನ ಲೆಕ್ಕ ಹಾಕುವ ತಿಂಗಳಿನ, ಅಂದರೆ ಅಸೆಸ್‌ಮೆಂಟ್ ಪೀರಿಯಡ್‌ನ, ಕೊನೆಯ ದಿನ ನೀವು ಯಾವ ಮನೆಯಲ್ಲಿದ್ದೀರೋ ಇಡೀ ತಿಂಗಳಿಗೆ ಆ ಮನೆಯ ಬಾಡಿಗೆಯೇ ಲೆಕ್ಕ. ನಿಮ್ಮ ತಿಂಗಳು 12ರಿಂದ 11ರವರೆಗೆ ಎಂದುಕೊಳ್ಳಿ. ಹಳೇ ಮನೆಗೆ 1,100 ಪೌಂಡ್, ಹೊಸದಕ್ಕೆ 560. 9ನೇ ತಾರೀಖು ಸಾಮಾನು ಸಾಗಿಸಿದರೆ ಆ ತಿಂಗಳು ಪೂರ್ತಿ 560ರ ಲೆಕ್ಕವೇ ಬರುತ್ತದೆ, ನೀವು ಹೆಚ್ಚಿನ ದಿನ ಹಳೇ ಬಾಡಿಗೆ ಕಟ್ಟಿದ್ದರೂ. 13ಕ್ಕೆ ಹೋದರೆ 11ಕ್ಕೆ ಮುಗಿದ ತಿಂಗಳಿಗೆ ಹಳೇ ಮನೆಯದ್ದೇ ಲೆಕ್ಕ, ಅಲ್ಲಿ ನಿಮಗೆ ಅನ್ವಯವಾಗುತ್ತಿದ್ದ ಮಿತಿಯವರೆಗೆ. ನಾಲ್ಕು ದಿನದ ವ್ಯತ್ಯಾಸಕ್ಕೆ ನೂರಾರು ಪೌಂಡ್ ಕೈಬಿಡುತ್ತದೆ. ಟೆನೆನ್ಸಿಯನ್ನು ಒಂದು ಸೋಮವಾರ ಮುಂದಕ್ಕೆ ಹಾಕಿಕೊಡಿ ಎಂದು ಕೇಳಲು ಇದು ಒಳ್ಳೆಯ ಕಾರಣ, ಕೇಳಿದರೆ ಕೊಡುವವರಿದ್ದಾರೆ.

ಪ್ರಶ್ನೆ: ಮುಂದಿನ ವಾರ ವ್ಯೂಯಿಂಗ್ ಇದೆ. 20 ನಿಮಿಷ ಮಾತ್ರ ಅಂದಿದ್ದಾರೆ. ಏನೇನು ನೋಡಬೇಕು?

ಟೇಪು, ಪೂರ್ತಿ ಚಾರ್ಜಾದ ಫೋನ್, ಜೊತೆಗೊಬ್ಬರು. ಇವರು ಅಳೆಯಲಿ, ನೀವು ನೋಡಿ.

ಮನೆ ಖಾಲಿ ಅಂದರೆ ನಿಜಕ್ಕೂ ಖಾಲಿ. ಸ್ಟೌ, ಫ್ರಿಜ್, ವಾಷಿಂಗ್ ಮಷಿನ್, ಕರ್ಟನ್ ಕಂಬಿ ಏನೂ ಇರುವುದಿಲ್ಲ; ಕಾರ್ಪೆಟ್ ಕಿತ್ತು ಬರೀ ಕಾಂಕ್ರೀಟೋ ಹಲಗೆಯೋ ಬಿಟ್ಟಿರುವುದೇ ಹೆಚ್ಚು. ಅಡುಗೆಮನೆಯಲ್ಲಿ ಸ್ಟೌ ಕೂರುವ ಜಾಗ 500 ಮಿ.ಮೀ. ಅಗಲವೋ 600 ಮಿ.ಮೀ.ಯೋ ಅಳೆಯಿರಿ. ಗ್ಯಾಸ್ ಪಾಯಿಂಟ್ ಇದೆಯೋ, ಗೋಡೆಯ ಮೇಲೆ ಕುಕ್ಕರ್‌ಗೆಂದೇ ಪ್ರತ್ಯೇಕ ದೊಡ್ಡ ಸ್ವಿಚ್ ಇದೆಯೋ ನೋಡಿ. ಆಫರ್ ಸಿಕ್ಕಿತೆಂದು ಗ್ಯಾಸ್ ಸ್ಟೌ ಕೊಂಡು, ಕೀ ಸಿಕ್ಕ ದಿನ ಮನೆಗೆ ಗ್ಯಾಸ್ ಲೈನೇ ಇಲ್ಲವೆಂದು ತಿಳಿಯುವವರು ಬಹಳ ಜನ. ಕಾರ್ಪೆಟ್ ಸಾಮಾನ್ಯವಾಗಿ 4 ಅಥವಾ 5 ಮೀಟರ್ ಅಗಲದ ಸುರುಳಿಯಲ್ಲಿ ಬರುತ್ತದೆ, ಆದ್ದರಿಂದ ಕೋಣೆಯ ಅಳತೆಯನ್ನು ಬಾಗಿಲ ಸಂದು, ಕಿಟಕಿ ಗೂಡು ಸೇರಿಸಿ ಅತಿ ಅಗಲದ ಜಾಗದಲ್ಲಿ ಹಿಡಿಯಿರಿ. ಮೇಲಂತಸ್ತಿನ ಫ್ಲ್ಯಾಟ್ ಆದರೆ ಲ್ಯಾಮಿನೇಟ್ ಹಾಕುವ ಮೊದಲು ಟೆನೆನ್ಸಿ ಓದಿ. ಕೆಳಮನೆಗೆ ಸದ್ದಾಗುತ್ತದೆಂದು ಎಷ್ಟೋ ಕಡೆ ಅನುಮತಿಯಿಲ್ಲದೆ ಹಾಕುವಂತಿಲ್ಲ.

ತೇವ ಹುಡುಕುವುದು ಹೊರಗೋಡೆಯ ಮೂಲೆಗಳಲ್ಲಿ, ಕಿಟಕಿ ಚೌಕಟ್ಟಿನ ಸುತ್ತ, ಬೀರು ಇಡುವ ಗೋಡೆಯ ಕೆಳಭಾಗದಲ್ಲಿ. ಹೊಸ ಬಣ್ಣ ಒಂದೇ ಗೋಡೆಗೆ ಬಳಿದಿದ್ದರೆ ಏಕೆಂದು ಕೇಳಿ. ಅಡುಗೆಮನೆಯ ಎಕ್ಸ್‌ಟ್ರಾಕ್ಟರ್ ಫ್ಯಾನ್ ಹಾಕಿ ಒಂದು ಹಾಳೆ ಹಿಡಿಯಿರಿ. ಅಂಟಿಕೊಳ್ಳದಿದ್ದರೆ ಅದು ಎಳೆಯುತ್ತಿಲ್ಲ. ದಿನಾ ಒಗ್ಗರಣೆ ಹಾಕುವ ಮನೆಗೆ ಇದು ಸಣ್ಣ ವಿಷಯವಲ್ಲ: ಮೆಣಸಿನಕಾಯಿ ಘಾಟು ಹಾಲ್‌ನ ಅಲಾರಂ ಎಬ್ಬಿಸುತ್ತದೆ, ಹಬೆ ಗೋಡೆಗೆ ಕೂತು ಬೂಷ್ಟು ಬರಿಸುತ್ತದೆ. ಕಂಡ ದೋಷಗಳ ಫೋಟೋ ಅದೇ ದಿನ ಇಮೇಲ್ ಮಾಡಿ. 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿರುವ 'ಆವಾಬ್ಸ್ ಲಾ' ಪ್ರಕಾರ, ಬಾಡಿಗೆದಾರರಿಂದ ಗಂಭೀರ ತೇವ-ಬೂಷ್ಟಿನ ದೂರು ಬಂದರೆ ಕೌನ್ಸಿಲ್ ಅಥವಾ ಅಸೋಸಿಯೇಷನ್ 10 ಕೆಲಸದ ದಿನಗಳೊಳಗೆ ತಪಾಸಣೆ ಮಾಡಲೇಬೇಕು, ಆರೋಗ್ಯಕ್ಕೋ ಸುರಕ್ಷತೆಗೋ ತಕ್ಷಣದ ಅಪಾಯವಿರುವ ತುರ್ತಿಗೆ 24 ಗಂಟೆ. ಟೆನೆನ್ಸಿ ಶುರುವಾದ ಮೇಲೆ ಕೊಟ್ಟ ದೂರಿಗೆ ದಿನಾಂಕವಿದ್ದರೆ ಲೆಕ್ಕ ಅಲ್ಲಿಂದ ಶುರು.

ಕೀ ಸಿಕ್ಕ ದಿನ ಮೊದಲು ಮೀಟರ್‌ಗಳ ಫೋಟೋ. ಪ್ರೀಪೇಮೆಂಟ್ ಮೀಟರ್ ಇದ್ದರೆ ಒಳಗೆ ಬಿದ್ದಿರುವ ಹಳೇ ಕಾರ್ಡ್ ಅಥವಾ ಕೀಗೆ ದುಡ್ಡು ತುಂಬಬೇಡಿ. ಹಿಂದಿನವರ ಸಾಲಕ್ಕೆ ಕಡಿತವಾಗಬಹುದು. ಸರಬರಾಜು ಕಂಪನಿಗೆ ಫೋನ್ ಮಾಡಿ ಹೊಸ ಬಾಡಿಗೆದಾರರೆಂದು ದಾಖಲಿಸಿ, ಹೊಸ ಕಾರ್ಡ್ ತರಿಸಿ. ಖಾಲಿ ಮನೆಯ ಗ್ಯಾಸನ್ನು ಮುಚ್ಚಿಟ್ಟಿರುತ್ತಾರೆ, ಅದನ್ನು ತೆರೆದು ಪರೀಕ್ಷಿಸಲು ಎಂಜಿನಿಯರ್ ಬರಬೇಕು. ಅವರು ಬರುವಾಗ ಗ್ಯಾಸ್, ವಿದ್ಯುತ್ ಮೀಟರ್‌ಗಳಲ್ಲಿ ಯಾವುದೊಂದರಲ್ಲಿ ದುಡ್ಡಿಲ್ಲದಿದ್ದರೂ ಬಾಯ್ಲರ್ ಹೊತ್ತಿಸಿ ನೋಡಲಾಗದೆ ವಾಪಸ್ ಹೋಗುತ್ತಾರೆ, ನಿಮಗೆ ಮತ್ತೊಂದು ಅಪಾಯಿಂಟ್‌ಮೆಂಟ್, ಅಲ್ಲಿಯವರೆಗೆ ತಣ್ಣೀರು. ಆದ್ದರಿಂದ ಮೊದಲು ಕಂಪನಿ, ನಂತರ ಟಾಪ್-ಅಪ್, ಆಮೇಲೆ ಎಂಜಿನಿಯರ್. ಈ ಅಪಾಯಿಂಟ್‌ಮೆಂಟನ್ನು ಸಹಿ ಹಾಕುವ ಮೇಜಿನಲ್ಲೇ ಕೇಳಿ ಪಡೆಯಿರಿ.

ಪ್ರಶ್ನೆ: ಬಿಡ್ ಹಾಕಿದಾಗ 4ನೇ ಸ್ಥಾನ ತೋರಿಸಿತು, ವಾರದ ಕೊನೆಗೆ 27. ಬೇಗ ಹಾಕಿದವರಿಗೆ ಆದ್ಯತೆ ಇಲ್ಲವೇ?

ಇಲ್ಲ. ಬಿಡ್ ಎಂದರೆ 'ಈ ಮನೆಗೆ ನಾನೂ ಇದ್ದೇನೆ' ಎಂದು ಕೈ ಎತ್ತುವುದು ಅಷ್ಟೇ. ಗಡುವು ಮುಗಿದ ಮೇಲೆ ಕೈ ಎತ್ತಿದವರನ್ನೆಲ್ಲ ಬ್ಯಾಂಡ್ (ಮನೆಯ ಅಗತ್ಯ ಎಷ್ಟೆಂಬ ದರ್ಜೆ) ಪ್ರಕಾರ, ಒಂದೇ ಬ್ಯಾಂಡಿನವರನ್ನು ಅರ್ಜಿಯ ಅಥವಾ ಬ್ಯಾಂಡ್ ಸಿಕ್ಕ ದಿನಾಂಕದ ಪ್ರಕಾರ ಜೋಡಿಸುತ್ತಾರೆ. ನೀವು ಬಿಡ್ ಹಾಕಿದಾಗ ನಿಮಗಿಂತ ಮೇಲಿನವರು ಇನ್ನೂ ಬಿಡ್ ಹಾಕಿರಲಿಲ್ಲ, ಅದಕ್ಕೇ 4.

ಸ್ಥಾನದ ಸಂಖ್ಯೆ ನೋಡುತ್ತ ಕೂರುವುದಕ್ಕಿಂತ ಕೌನ್ಸಿಲ್ ಪ್ರಕಟಿಸುವ ಹಂಚಿಕೆ ಫಲಿತಾಂಶ ನೋಡಿ. ಯಾವ ಮನೆ, ಯಾವ ಬ್ಯಾಂಡಿನ, ಯಾವ ದಿನಾಂಕದವರಿಗೆ ಹೋಯಿತು ಎಂಬುದು ಅಲ್ಲಿರುತ್ತದೆ. ಒಂದೆರಡು ತಿಂಗಳ ಫಲಿತಾಂಶ ಓದಿದರೆ ನಿಮ್ಮ ದಿನಾಂಕಕ್ಕೆ ಯಾವ ಬಡಾವಣೆ ಸಾಧ್ಯ, ಯಾವುದು ಬರೀ ಆಸೆ ಎಂದು ತಿಳಿಯುತ್ತದೆ. ವಾರಕ್ಕೆ ಎರಡೋ ಮೂರೋ ಬಿಡ್ ಮಾತ್ರ ಇರುವ ಕಡೆ ಅದು ದೊಡ್ಡ ಸಹಾಯ. ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿವೆ. 1980ರ ಕಾಯ್ದೆಯಿಂದ ಬಾಡಿಗೆದಾರರಿಗೇ ಮಾರಾಟವಾದ ಲಕ್ಷಾಂತರ ಮನೆಗಳಿಗೆ ಬದಲಿಯಾಗಿ ಅಷ್ಟು ಮನೆ ಕಟ್ಟಲೇ ಇಲ್ಲ. ಕಂಪ್ಯೂಟರ್ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ.

ವೈದ್ಯಕೀಯ ಕಾರಣಕ್ಕೆ ಬ್ಯಾಂಡ್ ಏರಿಸಲು ಕೇಳುವವರಿಗೊಂದು ಮಾತು: ಡಾಕ್ಟರ ಪತ್ರದಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. 'ಮಂಡಿನೋವು' ಎಂಬುದಕ್ಕಿಂತ 'ಮೂರನೇ ಮಹಡಿ, ಲಿಫ್ಟ್ ಇಲ್ಲ, 48 ಮೆಟ್ಟಿಲು, ದಿನಕ್ಕೊಮ್ಮೆಗಿಂತ ಹೆಚ್ಚು ಇಳಿಯಲಾಗುತ್ತಿಲ್ಲ' ಎಂಬುದು ಕೆಲಸ ಮಾಡುತ್ತದೆ.

ಪ್ರಶ್ನೆ: ಅರ್ಜಿಯಲ್ಲಿ 'ಪ್ರಪಂಚದಲ್ಲಿ ಎಲ್ಲಾದರೂ ಆಸ್ತಿ ಇದೆಯೇ' ಅಂತ ಕೇಳಿದ್ದಾರೆ. ಹಾಸನದ ಹತ್ತಿರ ನಮ್ಮ ಹಿರಿಯರ ಮನೆ, ಸ್ವಲ್ಪ ಜಮೀನು ಇದೆ. ಪಾಲಾಗಿಲ್ಲ, ಅಮ್ಮ ಅಲ್ಲೇ ಇದ್ದಾರೆ. ನನ್ನ ಹೆಸರಲ್ಲಿ ಏನೂ ಇಲ್ಲ. 'ಇಲ್ಲ' ಅಂತ ಬರೆಯಬಹುದಾ? (ಪ್ರಶ್ನೆ ಕೇಳಿದವರು ಮಹಿಳೆ)

ಬರೆಯಬೇಡಿ. ಪಹಣಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಹಕ್ಕಿಲ್ಲ ಎಂದಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಾತನ ಹೆಸರಿನಲ್ಲೇ ಖಾತೆ ಇದ್ದು ಪೌತಿ ಖಾತೆಯೂ ಆಗದ ಆಸ್ತಿಯಲ್ಲಿ ನಿಮ್ಮ ಪಾಲು ಇರುವ ಸಾಧ್ಯತೆಯೇ ಹೆಚ್ಚು. 1996ರ ಹೌಸಿಂಗ್ ಆಕ್ಟ್ ಪ್ರಕಾರ ಗೊತ್ತಿದ್ದೂ ಸುಳ್ಳು ಹೇಳುವುದು, ಕೇಳಿದ ಮಾಹಿತಿ ಮುಚ್ಚಿಡುವುದು ಅಪರಾಧ. ಸುಳ್ಳು ಹೇಳಿ ಪಡೆದ ಮನೆಯನ್ನು ವರ್ಷಗಳ ನಂತರವೂ ಕೋರ್ಟ್ ಮೂಲಕ ವಾಪಸ್ ಪಡೆಯಬಹುದು.

ಹೇಳಿಕೊಂಡರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ ಎಂದೇನಿಲ್ಲ. ಅವಿಭಕ್ತ ಆಸ್ತಿ, ಇಷ್ಟು ಜನ ಹಕ್ಕುದಾರರು, ತಾಯಿ ವಾಸವಿದ್ದಾರೆ, ನಾನೊಬ್ಬಳೇ ಮಾರಲಾಗದು ಎಂದು ಒಂದು ಪುಟ ಬರೆದು ಪಹಣಿ, ವಂಶವೃಕ್ಷ ಮತ್ತು ಅವುಗಳ ದೃಢೀಕೃತ ಇಂಗ್ಲಿಷ್ ಅನುವಾದ ಲಗತ್ತಿಸಿ. ಯೂನಿವರ್ಸಲ್ ಕ್ರೆಡಿಟ್‌ಗೂ ಇದನ್ನು ಹೇಳಬೇಕು, ಏಕೆಂದರೆ ಒಟ್ಟು ಬಂಡವಾಳ 16,000 ಪೌಂಡ್ ದಾಟಿದರೆ ಅದು ನಿಲ್ಲುತ್ತದೆ. ಆದರೆ ಪಿಂಚಣಿ ವಯಸ್ಸು ದಾಟಿದ ತಂದೆ-ತಾಯಿ ತಮ್ಮ ಮನೆಯಾಗಿ ವಾಸಿಸುತ್ತಿರುವ ಮನೆಯನ್ನು ಆ ಲೆಕ್ಕದಿಂದ ಬಿಡುತ್ತಾರೆ. ಜಮೀನಿಗೆ ಆ ವಿನಾಯಿತಿಯಿದೆ ಎಂದುಕೊಳ್ಳಬೇಡಿ.

ಈ ಪ್ರಶ್ನೆ ಬಂದ ಕೂಡಲೇ ಅಣ್ಣ-ತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟುಬಿಡೋಣ ಅನ್ನಿಸುತ್ತದೆ. ನೆರವು ಪಡೆಯಲೆಂದೇ ಆಸ್ತಿ ಬಿಟ್ಟಿರಿ ಎಂದು ಕಂಡುಬಂದರೆ, ಅದು ಈಗಲೂ ನಿಮ್ಮ ಬಳಿಯೇ ಇದೆ ಎಂದು ಲೆಕ್ಕ ಹಾಕುತ್ತಾರೆ. ಪಾಲೂ ಹೋಗಿ ನೆರವೂ ಹೋಗುವ ದಾರಿ ಅದು.

ಪ್ರಶ್ನೆ: ನಾನು ಬ್ರಿಟಿಷ್ ಪೌರ, ಹೆಂಡತಿ ಸ್ಪೌಸ್ ವೀಸಾದಲ್ಲಿದ್ದಾಳೆ. ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ದೊಡ್ಡ ಮನೆ ಕೇಳಬಹುದೇ?

ಅಪ್ಪ-ಅಮ್ಮ ಬೆಡ್‌ರೂಮ್ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ನಿಮ್ಮೊಬ್ಬರ ಹೆಸರಿನಲ್ಲಿ. ಹೆಂಡತಿಯ ವೀಸಾದಲ್ಲಿ ಸಾರ್ವಜನಿಕ ನಿಧಿ ನಿರ್ಬಂಧ (ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು) ಇರುವ ತನಕ ಜಂಟಿ ಟೆನೆನ್ಸಿ ಸಿಗದು. ನಿಮ್ಮ ಸ್ವಂತ ಅರ್ಹತೆಯಿಂದ ಬಂದ ಮನೆಯಲ್ಲಿ ಹೆಂಡತಿ ವಾಸಿಸಬಹುದು, ಆದರೆ ಅವರ ಕಾರಣಕ್ಕೆ ಹೆಚ್ಚಿನ ಸೌಲಭ್ಯ ಸಿಕ್ಕಿತು ಎಂದಾಗಬಾರದು. ಸಹಿಗೆ ಮೊದಲು ಮಾನ್ಯತೆ ಪಡೆದ ವಲಸೆ ಸಲಹೆಗಾರರನ್ನು ಒಮ್ಮೆ ಕಾಣಿ. ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್ ವೀಸಾದವರಿಗೆ ಈ ಪಟ್ಟಿಯೇ ಇಲ್ಲ. ಐಎಲ್‌ಆರ್ (ಕಾಯಂ ನೆಲೆಸುವ ಅನುಮತಿ) ಇದ್ದವರಿಗೆ ಸಾಮಾನ್ಯವಾಗಿ ಇದೆ.

ಪ್ರಶ್ನೆ: ಪಟ್ಟಿಯಲ್ಲಿ ಮೇಲಿದ್ದೇನೆ. ತಂಗಿ ಮದುವೆಗೆ ಆರು ವಾರ ಮೈಸೂರಿಗೆ ಹೋಗಬೇಕು. ಆಫರ್ ಬಂದರೆ?

ಬಿಡ್ ಅಲ್ಲಿಂದಲೂ ಹಾಕಬಹುದು, ವ್ಯೂಯಿಂಗ್‌ಗೆ ಬರಲಾಗದು. ಒಂದೆರಡು ದಿನದ ಮುನ್ಸೂಚನೆಯಲ್ಲಿ ಕರೆಯುತ್ತಾರೆ. ಹೋಗುವ ಮೊದಲು ಹೋಗಿ-ಬರುವ ದಿನಾಂಕ ಕೊಟ್ಟು, ನಿಮ್ಮ ಪರವಾಗಿ ಮನೆ ನೋಡುವವರ ಹೆಸರನ್ನು ಬರಹದಲ್ಲಿ ತಿಳಿಸಿ. ನಿಮ್ಮಲ್ಲಿ ತಾನಾಗಿ ಬಿಡ್ ಹಾಕುವ ಏರ್ಪಾಡು ಇದ್ದರೆ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ನೀವು ಛತ್ರದಲ್ಲಿರುವಾಗ ಆಫರ್ ಬಂದು 'ಉತ್ತರಿಸಲಿಲ್ಲ, ತಿರಸ್ಕಾರ' ಎಂದು ದಾಖಲಾಗುತ್ತದೆ. ವಾರ್ಷಿಕ ನವೀಕರಣದ ಪತ್ರ ಈ ಆರು ವಾರದಲ್ಲಿ ಬೀಳುತ್ತದೆಯೇ ನೋಡಿಕೊಳ್ಳಿ; ಉತ್ತರಿಸದಿದ್ದರೆ ಪಟ್ಟಿಯಿಂದಲೇ ತೆಗೆಯುತ್ತಾರೆ. ಯೂನಿವರ್ಸಲ್ ಕ್ರೆಡಿಟ್ ಇದ್ದರೆ ಹೊರದೇಶದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಹತ್ತಿರದವರ ಸಾವಿನಂಥ ಸಂದರ್ಭಕ್ಕೆ ಇನ್ನೊಂದು ತಿಂಗಳ ರಿಯಾಯಿತಿ ಇದೆ, ಮದುವೆಗಿಲ್ಲ.

ಪ್ರಶ್ನೆ: ಹೋಮ್‌ಲೆಸ್ ಅರ್ಜಿಯ ಮೇಲೆ 'ಕೊನೆಯ ಆಫರ್' ಬಂದಿದೆ. ಮಗನ ಸ್ಕೂಲಿಗೆ ಒಂದೂವರೆ ಗಂಟೆ ದೂರ. ಬೇಡ ಅನ್ನಲೇ?

ಬೇಡ ಅಂದು ಅದು ಸೂಕ್ತ ಮನೆಯೇ ಆಗಿತ್ತೆಂದು ತೀರ್ಮಾನವಾದರೆ ಕೌನ್ಸಿಲಿನ ಹೊಣೆ ಅಲ್ಲಿಗೆ ಮುಗಿಯಿತು, ಈಗಿರುವ ತಾತ್ಕಾಲಿಕ ಮನೆಯನ್ನೂ ಬಿಡಬೇಕಾಗುತ್ತದೆ. ಮನೆ ಒಪ್ಪಿಕೊಂಡು, ಸಹಿ ಹಾಕಿ, ಜೊತೆಗೇ 'ಈ ಮನೆ ನಮಗೆ ಸೂಕ್ತವಲ್ಲ' ಎಂದು ಪುನರ್‌ಪರಿಶೀಲನೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಹೌಸಿಂಗ್ ಆಕ್ಟ್‌ನ 202ನೇ ಸೆಕ್ಷನ್ ಎಂದು ಇಮೇಲಿನಲ್ಲಿ ಹೆಸರಿಸಿ. ತೀರ್ಮಾನ ತಿಳಿಸಿದ ದಿನದಿಂದ 21 ದಿನದೊಳಗೆ ಕೇಳಬೇಕು. ಬಸ್ ವೇಳಾಪಟ್ಟಿ, ಸ್ಕೂಲಿನ ಪತ್ರ, ಮಗನಿಗೆ ಈ ವರ್ಷ ಜಿಸಿಎಸ್‌ಇ ಪರೀಕ್ಷೆ ಇದ್ದರೆ ಅದರ ದಾಖಲೆಯನ್ನು ಜೊತೆಗಿಡಿ. ಒಬ್ಬರೇ ಮಾಡಬೇಡಿ, ಉಚಿತ ಸಲಹೆ ಕೊಡುವ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಆಫರ್ ಪತ್ರ ಬಂದ ದಿನವೇ ಫೋನ್ ಮಾಡಿ, ಪತ್ರದಲ್ಲಿ 'ನಿರಾಕರಿಸಿದರೆ ಏನಾಗುತ್ತದೆ' ಎಂದು ಬರೆದಿರುವ ಸಾಲನ್ನು ಅವರಿಗೆ ಓದಿ ಹೇಳಿ. ಆ ಸಾಲೇ ಇಲ್ಲದಿದ್ದರೆ ಅದನ್ನೂ ಹೇಳಿ.