ಬಟನ್ ಟಯರ್ ಹಾಕಿಸಲಾ, ಬೇಡವಾ?

ಪ್ರಶ್ನೆ: ನನ್ನದು ಹೀರೋ ಎಕ್ಸ್‌ಪಲ್ಸ್ 200 ಬೈಕ್. ಮನೆ ಪೆರ್ಲದಿಂದ ಸ್ವಲ್ಪ ಒಳಗೆ, ಕೆಲಸ ಕಾಸರಗೋಡು ಪೇಟೆಯಲ್ಲಿ. ದಿನಾ ಬದಿಯಡ್ಕ, ಚೆರ್ಕಳ ದಾಟಿ ಹೋಗಿ ಬರುತ್ತೇನೆ. ಆದಿತ್ಯವಾರ ಗೆಳೆಯರ ಜತೆ ಪೊಸಡಿಗುಂಪೆ ಕಡೆಯ ಗುಡ್ಡೆ ದಾರಿ, ಪದವು (ಗುಡ್ಡೆಯ ಮೇಲಿನ ಕಲ್ಲು ಬಯಲು) ಸುತ್ತುವುದುಂಟು. ಹಿಂದಿನ ಟಯರ್ ಪೂರಾ ಸವೆದಿದೆ, ಮುಂದಿನದು ಅರ್ಧ ಇದೆ. ಹಿಮಾಲಯನ್ ಬೈಕ್ ಇರುವ ಗೆಳೆಯ ದೊಡ್ಡ ಬಟನ್ (ಟಯರಿನ ಮೇಲೆ ಉಬ್ಬಿದ ರಬ್ಬರು ತುಂಡು) ಇರುವ ಟಯರನ್ನೇ ಹಾಕು ಅನ್ನುತ್ತಾನೆ, ತನ್ನ ಹಳೆಯದನ್ನು ಕೊಡುತ್ತೇನೆ ಅಂತಲೂ ಹೇಳಿದ್ದಾನೆ. ಮಳೆಗಾಲ ಬೇರೆ ಬಂತು. ಎರಡೂ ಒಟ್ಟಿಗೆ ಬದಲಿಸಬೇಕಾ ಅಣ್ಣಾ?
– ಓದುಗರು, ಪೆರ್ಲ

ಉತ್ತರ: ನಿಮ್ಮ ಗೆಳೆಯರು ಆದಿತ್ಯವಾರದ ಟಯರ್ ಹೇಳುತ್ತಿದ್ದಾರೆ. ನಿಮಗೆ ಬೇಕಾದದ್ದು ಉಳಿದ ಆರು ದಿನದ್ದು.

80-20, 50-50 ಅನ್ನುವ ಮಾತು ಕೇಳಿರುತ್ತೀರಿ. ಮೊದಲ ಅಂಕಿ ಡಾಂಬರಿಗೆ, ಎರಡನೆಯದು ಮಣ್ಣಿಗೆ. ಅದನ್ನು ಯಾರೂ ಅಳೆದು ಕೊಡುವುದಲ್ಲ, ಕಂಪನಿಯವರ ಅಂದಾಜು. ಅಂಗಡಿಯಲ್ಲಿ ಟಯರನ್ನೇ ಮುಟ್ಟಿ ನೋಡಿ. ಬಟನ್‌ಗಳ ನಡುವೆ ಬೆರಳು ಸಲೀಸಾಗಿ ಹೋದರೆ ಅದು ಮಣ್ಣಿನ ಕಡೆಯದು. ಬಟನ್ ಒತ್ತೊತ್ತಾಗಿದ್ದು ನಡುವಿನ ಸಾಲು ಹೆಚ್ಚುಕಮ್ಮಿ ಕೂಡಿಕೊಂಡಿದ್ದರೆ ಡಾಂಬರಿನದು. ನಿಮಗೆ ಈ ಎರಡನೆಯದೇ ಸಾಕು.

ಮತ್ತೆ ಪದವು? ಬಟನ್ ಕೆಲಸ ಮಾಡುವುದು ಮೆತ್ತನೆ ಮಣ್ಣಿನೊಳಗೆ ಹೊಕ್ಕಾಗ. ನಮ್ಮ ಪದವಿನಲ್ಲಿ ಹೊಕ್ಕುವುದಕ್ಕೆ ಏನಿದೆ? ಅಡಿಯಲ್ಲಿ ಗಟ್ಟಿ ಮುರಕಲ್ಲು, ಮೇಲೆ ಉರುಳಾಡುವ ಚರಳು. ದೂರದೂರ ಬಟನ್ ಇರುವ ಟಯರ್ ಅದರ ಮೇಲೆ ತುದಿಗಾಲಲ್ಲಿ ನಿಂತ ಹಾಗೆ ಇರುತ್ತದೆ. ಅಲ್ಲಿ ನೆಲಕ್ಕೆ ತಾಗುವ ರಬ್ಬರು ಜಾಸ್ತಿ ಇರಬೇಕು, ಗಾಳಿ ಸ್ವಲ್ಪ ಕಮ್ಮಿ ಇರಬೇಕು. ಅಡಕೆ ತೋಟದ ಕೆಸರು ಮಾತ್ರ ಬೇರೆ ಕಥೆ. ಒತ್ತೊತ್ತು ಬಟನ್ ಆದರೆ ನಡುವೆ ಜೇಡಿಮಣ್ಣು ತುಂಬಿ ಟಯರ್ ನುಣ್ಣಗಾಗಿಬಿಡುತ್ತದೆ, ದೊಡ್ಡ ಬಟನ್ ಆದರೆ ಮಣ್ಣನ್ನು ಎಸೆಯುತ್ತದೆ. ಆದರೆ ಆಟಿ ತಿಂಗಳ ಮಳೆಯಲ್ಲಿ ತೋಟಕ್ಕೆ ಬೈಕ್ ಇಳಿಸುವವರು ಯಾರು? ಅಡಕೆಗೆ ಮದ್ದು ಬಿಡುವವರು ಬಂದ ದಿನವೂ ನೀವು ನಡೆದೇ ಇಳಿಯುತ್ತೀರಿ, ಅಲ್ವಾ?

ನನಗೆ ಹೆದರಿಕೆ ಇರುವುದು ಒದ್ದೆ ಡಾಂಬರಿನದ್ದು. ದೊಡ್ಡ ಬಟನ್ ಟಯರಿನಲ್ಲಿ ರಸ್ತೆಗೆ ತಾಗುವ ರಬ್ಬರು ಕಮ್ಮಿ. ಬ್ರೇಕ್ ಹಿಡಿದರೆ ಬೈಕ್ ನಿಲ್ಲಲು ಜಾಸ್ತಿ ದೂರ ಬೇಕು. ತಿರುವಿನಲ್ಲಿ ಬೈಕ್ ವಾಲಿದಾಗ ಬಟನ್ ಬಾಗಿ ಒಂದು ಥರಾ ಜಾರಿದ ಹಾಗೆ ಆಗುತ್ತದೆ. ದಿನಾ ಡಾಂಬರಿನಲ್ಲಿ ಓಡಿಸಿದರೆ ನಡುವಿನ ಸಾಲು ಬೇಗ ಚಪ್ಪಟೆಯಾಗುತ್ತದೆ, ಆಮೇಲೆ ಗುಡ್ಡೆಗೂ ಇಲ್ಲ, ರಸ್ತೆಗೂ ಇಲ್ಲ. ಇನ್ನು ಪಂಚಾಯತ್ ಕಾಂಕ್ರೀಟ್ ಏರಿನಲ್ಲಿ ಪಾಚಿ ಕಟ್ಟಿದರೆ ಯಾವ ಟಯರೂ ಹಿಡಿಯುವುದಿಲ್ಲ. ಜೀಪಿನ ಚಕ್ರ ತಿಕ್ಕಿದ ಜಾಗದಲ್ಲೇ ಒಂದನೇ ಗೇರಿನಲ್ಲಿ ಇಳಿಯಿರಿ, ಮುಂದಿನ ಬ್ರೇಕ್ ಮುಟ್ಟಬೇಡಿ.

ಗೆಳೆಯನ ಹಳೆ ಟಯರ್ ಸುಮ್ನೆ ಬಿಡಿ. ಹಿಮಾಲಯನ್‌ನ ಹಿಂದಿನ ಚಕ್ರ 17 ಇಂಚು, ನಿಮ್ಮದು 18. ಕೂರುವುದೇ ಇಲ್ಲ. ನಿಮ್ಮ ಅಳತೆ ಹಿಂದೆ 120/80-18, ಮುಂದೆ 90/90-21; ಮೊದಲ ಅಂಕಿ ಟಯರಿನ ಅಗಲ, ಕೊನೆಯದು ಚಕ್ರದ ಇಂಚು. ಚಂದ ಕಾಣಲಿ ಅಂತ ಹಿಂದೆ 130ರ ಅಗಲ ಟಯರ್ ಹಾಕಿಸಬೇಡಿ, ಕೆಸರು ಸಿಕ್ಕಿಕೊಳ್ಳಲು ಜಾಗ ಮಾಡಿಕೊಟ್ಟಂತೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತದ್ದನ್ನು ರಿಯಾಯಿತಿ ಅಂತ ತರಬೇಡಿ. ಬಾಣದ ಗುರುತು ಚಕ್ರ ತಿರುಗುವ ಕಡೆಗಿದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಟ್ಯೂಬ್ ಕೂಡ ಹೊಸದೇ ಇರಲಿ.

ಗಾಳಿ ವಿಷಯ: ರಸ್ತೆಗೆ ಬೈಕಿನ ಪುಸ್ತಕದಲ್ಲಿ ಹೇಳಿದಷ್ಟೇ. ಗುಡ್ಡೆಗೆ ಹೋಗುವಾಗ 20 ಪಿಎಸ್‌ಐವರೆಗೆ ಇಳಿಸಬಹುದು. ಅದಕ್ಕಿಂತ ತೀರಾ ಕೆಳಗಾದರೆ ಮುರಕಲ್ಲಿನ ಅಂಚು ತಾಗಿ ರಿಮ್ಮಿಗೆ ಟ್ಯೂಬ್ ಸಿಕ್ಕಿ ಹರಿಯುತ್ತದೆ, ವಾಲ್ವ್ ಕಿತ್ತು ಬರುವುದೂ ಇದೆ. ಸಣ್ಣ ಕೈಪಂಪ್ ಬ್ಯಾಗಿನಲ್ಲಿರಲಿ, ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಿ.

ಈಗ ಹಿಂದಿನದನ್ನು ಮಾತ್ರ ಬದಲಿಸಿ. ಮುಂದಿನದರಲ್ಲಿ ಬದಿ ಬಿರುಕು ಬಿಟ್ಟಿಲ್ಲ, ಸವೆತ ಒಂದೇ ಸಮ ಇದೆ ಅಂದರೆ ಈ ಮಳೆಗಾಲ ಕಳೆಯಬಹುದು. ಅದನ್ನು ಬದಲಿಸುವ ಹೊತ್ತಿಗೆ ಗುಡ್ಡೆ ಸುತ್ತಾಟ ಜಾಸ್ತಿಯಾಗಿದ್ದರೆ ಇನ್ನೊಮ್ಮೆ ಬರೆಯಿರಿ.